ದಿಂಬು ಸಿಗದ ಬೀದಿ

ಬೀದಿಗಳ ಯೋಗ್ಯತೆ ತೀರ್ಮಾನಿಸುವ ಸಭೆಯಲ್ಲಿ ನಾನು ಕೂತಿದ್ದೇನೆ. ಮನುಷ್ಯರ ಯೋಗ್ಯತೆ ತೀರ್ಮಾನಿಸುವ ಸಭೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮದುವೆಮನೆಯ ಊಟದ ಪಂಕ್ತಿಯೂ ಅಂಥದೊಂದು ಸಭೆಯೇ. ಆದರೆ ಒಂದು ಬೀದಿಯ ಅಗಲ, ನಡತೆ, ಪೂರ್ವಾಪರಗಳನ್ನೆಲ್ಲ ವಿಚಾರಿಸಿ, ಇದಕ್ಕೆ ಕೊಡಬಹುದು, ಇದಕ್ಕೆ ಕೊಡಲಾಗದು ಎಂದು ಹೇಳುವ ಗಾಂಭೀರ್ಯವೇ ಬೇರೆ. ನಮ್ಮ ಕ್ಷೇಮಾಭಿವೃದ್ಧಿ ಸಂಘದ ಸಭೆ ಅಧ್ಯಕ್ಷರ ಮನೆಯ ಕಾರ್ ಷೆಡ್ಡಿನಲ್ಲಿ ನಡೆಯುತ್ತಿತ್ತು. ಕಾರನ್ನು ಬೀದಿಗೆ ತಂದು ನಿಲ್ಲಿಸಿ, ಅಡ್ಡ ನಿಂತ ಕಾರುಗಳಿಂದ ಬೀದಿಗೆ ಆಗುವ ತೊಂದರೆಯ ಬಗ್ಗೆ ಒಳಗೆ ಚರ್ಚೆ ಮಾಡುತ್ತಿದ್ದೆವು. ಬನಶಂಕರಿಯಲ್ಲಿ, ಯಡಿಯೂರು ಕೆರೆಗೆ ನಡೆದು ಹೋಗುವಷ್ಟು ಹತ್ತಿರದ ಮೂರು ಕ್ರಾಸ್‌ಗಳು ನಮ್ಮ ಸಂಘದ ಸಾಮ್ರಾಜ್ಯ. ನಾನು ಅದರ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ ಕಾರಣ ಅವಿರೋಧವಾಗಿ ಆಯ್ಕೆಯಾದವನು.

ಆ ಸಭೆಯಲ್ಲಿ ಚರ್ಚೆಗೆ ಬಂದಿದ್ದದ್ದು ದಿಂಬು. ಹಾಗೆಂದು ಹೆಸರಿಟ್ಟವರು ನಾವೇ. ಹಳೆಯ ಹಂಪ್ಸ್ ಎಲ್ಲರಿಗೂ ಗೊತ್ತು, ಈ ಚರಂಡಿಯಿಂದ ಆ ಚರಂಡಿಯವರೆಗೆ ಹೆಬ್ಬಾವು ಮಲಗಿದ ಹಾಗೆ. ಇದು ಹಾಗಲ್ಲ. ರಬ್ಬರಿನ ಚೌಕದ ದಿಂಬುಗಳನ್ನು ರಸ್ತೆಯ ಅಡ್ಡಕ್ಕೆ, ನಡುವೆ ಸಂದು ಬಿಟ್ಟು ಸಾಲಾಗಿ ಕೂರಿಸುತ್ತಾರೆ. ಆಂಬುಲೆನ್ಸು, ಬಸ್ಸುಗಳಂಥ ಅಗಲದ ಗಾಡಿಗಳು ದಿಂಬನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು ಸಾಗುತ್ತವೆ. ಒಳಗೆ ಮಲಗಿದ ರೋಗಿಗೆ ಕುಲುಕಾಟವಿಲ್ಲ. ಕಾರಾದರೆ ಹತ್ತಿ ಇಳಿಯಲೇಬೇಕು. ಸ್ಕೂಟರಿನವರು ಸಂದಿನಲ್ಲಿ ನುಸುಳಬಹುದು, ಆದರೆ ನುಸುಳುವುದಕ್ಕಾದರೂ ನಿಧಾನಿಸಬೇಕು. ಪಾಲಿಕೆಯವರು ಇವನ್ನು ಕೇಳಿದವರಿಗೆಲ್ಲ ಕೊಡುವುದಿಲ್ಲ, ಪ್ರತಿ ಬೀದಿಯನ್ನೂ ಬಂದು ಅಳೆದು, ಅರ್ಹತೆ ನೋಡಿ ಕೊಡುತ್ತಾರೆ ಎಂದು ಸುದ್ದಿ ಬಂದಿತ್ತು.

ಅಧ್ಯಕ್ಷರು ಹಳೆಯ ಯಡಿಯೂರಿನವರು. ನಮ್ಮ ಮೂರೂ ಕ್ರಾಸ್‌ಗಳು ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲ. ಹಾಗಾಗಿ, ಬೆಳೆಗೆ ನುಗ್ಗಿದ ದನಗಳನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದ ರೈತನ ದೃಷ್ಟಿಯಲ್ಲಿ ಅವರು ನಮ್ಮನ್ನೆಲ್ಲ ನೋಡುತ್ತಿದ್ದರು. ಹಿಂದೊಮ್ಮೆ ತಮ್ಮ ಮನೆ ಕಟ್ಟಿಸಿ ಉಳಿದ ಸಿಮೆಂಟಿನಲ್ಲಿ ಅವರೇ ಬೀದಿಗೆ ಒಂದು ಹಂಪ್ ಹಾಕಿಸಿದ್ದರು. ಗ್ಯಾಸ್ ಸಿಲಿಂಡರಿನ ಆಟೋ ಅದನ್ನು ಹತ್ತಿತು, ಇಳಿಯಲಿಲ್ಲ. ಅನುಮತಿಯಿಲ್ಲದ ಹಂಪ್ ಎಂದು ಪಾಲಿಕೆ ಕಚೇರಿಯವರು ಬಂದು ಅಗೆದು ಹಾಕಿದ ಮೇಲೆ ನಾವೆಲ್ಲ ಕಾನೂನಿನ ಭಕ್ತರಾದೆವು.

“ಷರತ್ತು ಓದಿ ಸಾರ್” ಎಂದರು ಅಧ್ಯಕ್ಷರು. ಓದಿದೆ. ಬೀದಿ ಮನೆಗಳದ್ದಾಗಿರಬೇಕು, ಅಂಗಡಿಗಳದ್ದಲ್ಲ. ತೀರ ಇಳಿಜಾರಿರಬಾರದು. ಬಹುಪಾಲು ಮನೆಯವರು ಒಪ್ಪಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಾಹನಗಳು ಅಲ್ಲಿ ಮಿತಿಮೀರಿದ ವೇಗದಲ್ಲಿ ಓಡುತ್ತಿರಬೇಕು. ಮೊದಲನೇ ಕ್ರಾಸಿನಲ್ಲಿ ಎರಡು ಪಿಜಿ, ಒಂದು ಕಾಂಡಿಮೆಂಟ್ಸ್, ಒಂದು ಸಲೂನು ಇದ್ದದ್ದರಿಂದ ಅದು ಬಾಗಿಲಲ್ಲೇ ಬಿದ್ದುಹೋಯಿತು. ಉಳಿದದ್ದು ನಮ್ಮ ಎರಡನೇ ಕ್ರಾಸ್ ಮತ್ತು ಮೂರನೇ ಕ್ರಾಸ್. ವೇಗದ ವಿಷಯದಲ್ಲಿ ನಮಗೆ ಯಾವ ಅನುಮಾನವೂ ಇರಲಿಲ್ಲ. ಮುಖ್ಯರಸ್ತೆಯನ್ನು ಪೈಪಿಗೆಂದು ಅಗೆದ ಮೇಲೆ ಕತ್ರಿಗುಪ್ಪೆ ಕಡೆಯಿಂದ ಜಯನಗರಕ್ಕೆ ಹೋಗುವವರಿಗೆಲ್ಲ ಫೋನಿನ ಮ್ಯಾಪು ನಮ್ಮ ಬೀದಿಯನ್ನು ತೋರಿಸಲು ಶುರುಮಾಡಿತ್ತು. ಪೈಪು ಹೂತು ರಸ್ತೆ ಮುಚ್ಚಿದರು. ಮ್ಯಾಪು ಮಾತ್ರ ನಮ್ಮನ್ನು ಮರೆಯಲಿಲ್ಲ.

ಉಳಿದವರಿಗೆಲ್ಲ ದಿಂಬು ಒಂದು ಅನುಕೂಲ. ನಿಜವಾಗಿ ಬೇಕಾಗಿದ್ದದ್ದು ನಮ್ಮ ಎದುರು ಮನೆಯ ಮೇಷ್ಟ್ರಿಗೆ.

ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮಗ ಸೊಸೆಯ ಜೊತೆ ಎಷ್ಟೋ ವರ್ಷಗಳಿಂದ ಅದೇ ಬಾಡಿಗೆ ಮನೆಯಲ್ಲಿದ್ದರು. ಬೆಳಗ್ಗೆ ಪೇಪರು ಬಂದ ಮೇಲೆ ಗೇಟು ತೆಗೆದು, ಬೀದಿ ದಾಟಿ, ನಮ್ಮ ವರಾಂಡಕ್ಕೆ ಬರುತ್ತಿದ್ದರು. ಅವರ ಮನೆಗೂ ಅದೇ ಪೇಪರು ಬರುತ್ತಿತ್ತು, ಕಾಫಿಯೂ ನಮ್ಮದಕ್ಕಿಂತ ಒಂದು ಕೈ ಮೇಲೇ ಇತ್ತು. ಆದರೂ ಪದಬಂಧ ನಮ್ಮಲ್ಲೇ ಬಿಡಿಸಬೇಕು, ನನ್ನ ಹೆಂಡತಿ ಕಾಫಿ ತಂದಿಟ್ಟಾಗ “ಅಯ್ಯೋ, ಯಾಕಮ್ಮಾ ತೊಂದರೆ” ಎಂದು ಹೇಳಬೇಕು. ಆ ಮಾತು ಹೇಳುವ ಸುಖಕ್ಕಾಗಿಯೇ ಅವರು ಬರುತ್ತಿದ್ದರೆಂದು ನನ್ನ ಗುಮಾನಿ.

ಒಂದು ಸಲ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಎಡಗಾಲು ಮಾತ್ರ ಅವರ ಹಿಡಿತಕ್ಕೆ ಪೂರ್ತಿ ಬರಲಿಲ್ಲ. “ಬ್ಯಾಕ್ ಬೆಂಚ್ ಹುಡುಗನ ತರ ಸ್ವಾಮಿ. ಹೆಸರು ಕರೆದು ಸ್ವಲ್ಪ ಹೊತ್ತಾದ್ಮೇಲೆ ಏಳತ್ತೆ” ಎನ್ನುತ್ತಿದ್ದರು. ಆದರೂ ಕೋಲು ಹಿಡಿದು ತಾವೇ ಬೀದಿ ದಾಟಿ ಬರುವರು. ನಮ್ಮ ಬೀದಿಯ ಹಳೆಯ ಸ್ಕೂಟರುಗಳಿಗೆ ಅವರ ಗತಿ ಗೊತ್ತಿತ್ತು, ದೂರದಿಂದಲೇ ನಿಲ್ಲುತ್ತಿದ್ದವು. ಮ್ಯಾಪು ಕಳಿಸಿದ ಹೊಸಬರಿಗೆ ಅದು ಗೊತ್ತಿರಲಿಲ್ಲ. ಒಂದು ದಿನ ಡೆಲಿವರಿಯ ಬೈಕೊಂದು ಮೇಷ್ಟ್ರ ಕೋಲಿಗೆ ತಗುಲಿಕೊಂಡು ಹೋಯಿತು. ಮೇಷ್ಟ್ರು ಬೀಳಲಿಲ್ಲ, ಕೋಲು ಬಿತ್ತು. ಅದನ್ನು ಬಾಲ್ಕನಿಯಿಂದ ಸೊಸೆ ನೋಡಿದಳು.

ಅವಳು ಒಳ್ಳೆಯ ಹುಡುಗಿ. ಜೋರು ಮಾಡಲಿಲ್ಲ. ಮಾರನೇ ಬೆಳಗ್ಗೆ ಗೇಟಿಗೆ ಬೀಗ ಹಾಕಿ ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಅಷ್ಟೆ. “ಮಾವ, ನಿಮಗೇನಾದ್ರೂ ಆದ್ರೆ ಇವರು ನನ್ನನ್ನೇ ಕೇಳ್ತಾರೆ” ಎಂದಳಂತೆ.

ನಾನೇ ಆ ಕಡೆಗೆ ಹೋದೆ. ಪೇಪರು, ಪೆನ್ಸಿಲು ಹಿಡಿದು, ರೋಗಿಗೆ ಹಣ್ಣು ಒಯ್ದ ಹಾಗೆ. ಸೊಸೆ ಕಾಫಿ ತಂದಳು. ಮೇಷ್ಟ್ರು ಪದಬಂಧ ನೋಡಲೇ ಇಲ್ಲ.

“ನಾಳೆಯಿಂದ ಬರಬೇಡಿ ಸ್ವಾಮಿ” ಎಂದರು.

“ಯಾಕೆ ಮೇಷ್ಟ್ರೇ?”

“ನಾನು ನಿಮ್ಮನೆಗೆ ಬಂದ್ರೆ ಕಾಫಿಗೆ ಬಂದಂಗೆ. ನೀವು ನಮ್ಮನೆಗೆ ಬಂದ್ರೆ ನನ್ನನ್ನ ನೋಡೋಕೆ ಬಂದಂಗೆ. ನನ್ನಲ್ಲಿ ನೋಡೋಂಥದ್ದು ಏನಿದೆ?”

“ಕೈ ಹಿಡಿದು ನಾನೇ ದಾಟಿಸಿ ಕರ್ಕೊಂಡು ಹೋಗ್ತೀನಿ.”

“ಬೇಡ. ಅದು ಮೆರವಣಿಗೆ ಆಗತ್ತೆ. ಆ ದಿಂಬು ಯಾವತ್ತು ಬರತ್ತೆ ಹೇಳಿ. ದಿಂಬು ಬಂದ್ರೆ ಬೀಗ ತೆಗೀತೀನಿ ಅಂತ ಅವಳು ಮಾತು ಕೊಟ್ಟಿದಾಳೆ.”

ಹೀಗೆ ಒಬ್ಬ ಮನುಷ್ಯ ತನ್ನ ಕಾಲಲ್ಲಿ ತಾನು ಎದುರು ಮನೆಗೆ ಹೋಗುವ ಪ್ರಶ್ನೆ, ಬೀದಿಯ ಅರ್ಹತೆಯ ಪ್ರಶ್ನೆಯ ಮೇಲೆ ನಿಂತಿತು. ಇದನ್ನು ನಾನು ಸಭೆಯಲ್ಲಿ ಹೇಳಿದೆ. ಅಧ್ಯಕ್ಷರು ನಿಜವಾಗಿ ನೊಂದುಕೊಂಡರು. “ಮೇಷ್ಟ್ರಿಗೋಸ್ಕರ ಆದ್ರೂ ತರೋಣ ಬಿಡಿ ಸಾರ್” ಎಂದರು. ನಂತರ ಆದ ಎಲ್ಲದಕ್ಕೂ ಆ ಒಳ್ಳೆಯ ಮನಸ್ಸೇ ಮೂಲ.

ಅಳೆಯಲು ಎಂಜಿನಿಯರ್ ಮೇಡಂ ಬರುತ್ತಾರೆ ಎಂದು ಫೋನು ಬಂತು. ಮನೆಗೆ ಯಾರಾದರೂ ಬರುತ್ತಾರೆಂದರೆ ನಮ್ಮವರಿಗೆ ಗೊತ್ತಿರುವುದು ಒಂದೇ ಕೆಲಸ: ಗುಡಿಸು, ಸಾರಿಸು, ರಂಗೋಲಿ ಹಾಕು. ಬೀದಿಗೆ ಬರುತ್ತಾರೆಂದರೂ ಅದೇ. “ಎರಡು ಬೀದಿ ನೋಡಿ ಒಂದು ಆರಿಸ್ತಾರೆ. ನಮ್ದು ಎದ್ದು ಕಾಣ್ಬೇಕು” ಎಂದರು ಅಧ್ಯಕ್ಷರು. ಹೆಣ್ಣು ನೋಡಲು ಬರುವ ಗಂಡಿನ ಕಡೆಯವರ ಮುಂದೆ ಹುಡುಗಿಯನ್ನು ಕೂರಿಸುವ ಅನುಭವ ಸಭೆಯಲ್ಲಿ ಎಲ್ಲರಿಗೂ ಇತ್ತು. ರೋಗಿಯನ್ನು ಹುಡುಕಿಕೊಂಡು ಬರುವ ಡಾಕ್ಟರ ಮುಂದೆ ರೋಗಿಗೆ ಪೌಡರ್ ಹಚ್ಚಿ ಕೂರಿಸಬಾರದು ಎಂಬ ಅನುಭವವೂ ಇತ್ತು. ಅದು ಯಾಕೋ ಯಾರಿಗೂ ನೆನಪಾಗಲಿಲ್ಲ.

ಬೀದಿಯ ಹೆಂಗಸರು ರಂಗೋಲಿಯ ಚಿತ್ರಕ್ಕಾಗಿ ಮೇಷ್ಟ್ರ ಹತ್ತಿರ ಹೋದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಲವಲವಿಕೆ ನೋಡಿದೆ. ಕಾಗದದ ಮೇಲೆ ನವಿಲು ಬರೆದುಕೊಟ್ಟರು. ಬಲಗೈಗೆ ಏನೂ ಆಗಿರಲಿಲ್ಲ. ಹುಡುಗರ ಪೀಳಿಗೆಗಳನ್ನೇ ಬೆದರಿಸಿದ ಗೆರೆ ಅದು, ಒಂದು ಕಡೆಯೂ ನಡುಗಿರಲಿಲ್ಲ. ಮೇಡಂ ಬರುವ ದಿನ ಬೆಳಗಾಗುವ ಮೊದಲೇ ಬೀದಿಗೆ ನೀರು ಬಿತ್ತು. ಸೊಸೆ ಬೀಗ ತೆಗೆದು ಗೇಟಿನ ಹೊರಗೇ ಕುರ್ಚಿ ಹಾಕಿ ಮಾವನನ್ನು ಕೂರಿಸಿದಳು. ಮೇಷ್ಟ್ರು ಕೂತಲ್ಲಿಂದಲೇ ಕೋಲು ತೋರಿಸುತ್ತಾ, “ಕುತ್ತಿಗೆ ಇನ್ನೂ ಬಾಗಲಿ ತಾಯಿ, ಇದು ಕೊಕ್ಕರೆಯಲ್ಲ” ಎಂದು ತಿದ್ದಿಸಿದರು. ಸ್ವಲ್ಪ ದೂರದಲ್ಲಿ ಇನ್ನೊಂದು ನವಿಲು, ಮೊದಲನೆಯದಕ್ಕೆ ಎದುರಾಗಿ. ಗರಿ ಬಿಚ್ಚಿದರೆ ಬೀದಿಯ ಈ ಅಂಚಿನಿಂದ ಆ ಅಂಚಿಗೆ.

ಮೇಡಂ ಬಂದರು. ಸಣ್ಣ ವಯಸ್ಸು, ಗದಗದ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗೆ ಇದ್ದಾರಂತೆ. ಆಗಲೇ ಮೂರನೇ ಕ್ರಾಸ್ ಅಳೆದು ಮುಗಿಸಿದ್ದರು. ಅಲ್ಲಿಯವರಿಗೆ ಬಂದದ್ದೂ ಗೊತ್ತಾಗಲಿಲ್ಲವಂತೆ. ಒಬ್ಬರು ಪೈಪು ಹಿಡಿದು ಕಾರು ತೊಳೆಯುತ್ತಾ ಇವರ ಮೇಲೂ ಒಂದಿಷ್ಟು ನೀರು ಹಾರಿಸಿದರಂತೆ. ಇದನ್ನು ಕೇಳಿ ನಮ್ಮ ಅಧ್ಯಕ್ಷರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

“ಭಾಳ ಚಂದ ಹಾಕೀರಿ ರಂಗೋಲಿ” ಎಂದು ಹೇಳಿ ಮೇಡಂ ನಮ್ಮ ಮರದ ನೆರಳಲ್ಲಿ ವೇಗ ಅಳೆಯುವ ಯಂತ್ರ ಹಿಡಿದು ನಿಂತರು. ವಾಹನಗಳು ಬಂದವು. ದಿನವೂ ಬಾಣದ ಹಾಗೆ ನುಗ್ಗುತ್ತಿದ್ದ ಅವೇ ಬೈಕುಗಳು, ಅವೇ ಕಾರುಗಳು. ನವಿಲು ಕಂಡದ್ದೇ ಒಬ್ಬೊಬ್ಬರೂ ಬ್ರೇಕ್ ಹಾಕಿದರು. ಹೆಲ್ಮೆಟ್ ಇಲ್ಲದವನಿಗೂ, ಮೂರು ಜನ ಕೂತು ಬಂದವರಿಗೂ, ನವಿಲಿನ ಕಣ್ಣಿನ ಮೇಲೆ ಚಕ್ರ ಹತ್ತಿಸುವ ಧೈರ್ಯ ಬರಲಿಲ್ಲ. ಕಾಲು ಊರಿ, ಗರಿಯ ಅಂಚು ತಪ್ಪಿಸಿ, ಚರಂಡಿಯ ಪಕ್ಕದಲ್ಲಿ ದೇವಸ್ಥಾನ ಸುತ್ತುವ ಹಾಗೆ ಸುತ್ತಿ ಹೋದರು. ಒಬ್ಬ ಕ್ಯಾಬಿನವನಂತೂ ಕಿಟಕಿ ಇಳಿಸಿ ಫೋಟೋ ತೆಗೆದುಕೊಂಡ. ನಾವು ಹಿಗ್ಗಿ ಹೀರೇಕಾಯಿಯಾಗಿ ನಿಂತಿದ್ದೆವು.

“ಏನ್ ಇವತ್ತು ಎಲ್ಲಾ ಇಷ್ಟು ನಿಧಾನಕ್ಕೆ ಹೋಗ್ತಿದಾರೆ?” ಎಂದಳು ನನ್ನ ಹೆಂಡತಿ.

“ಮರ್ಯಾದೆ ಕಣಮ್ಮ” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

ಕೆಲಸ ಮುಗಿದ ಮೇಲೆ ಮೇಡಂಗೆ ಕಾಫಿ, ಅದರ ಜೊತೆಗೆ ಚಿರೋಟಿ ಕೊಟ್ಟೆವು. ಅವರು ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕೂತು ಯಂತ್ರವನ್ನು ಇನ್ನೊಮ್ಮೆ ನೋಡಿದರು. ಹುಬ್ಬು ಸ್ವಲ್ಪ ಗಂಟಾಯಿತು.

“ಅಜ್ಜಾರ, ಇವತ್ತ ನಿಮ್ಮ ಓಣ್ಯಾಗ ಏನರ ಹಬ್ಬ, ವಿಶೇಷ ಐತೇನ್ರಿ? ಇಲ್ಲಾ ದಿನಾ ಹಿಂಗ ಇರ್ತದೋ?”

ಕೇಳಿದ್ದು ಎಲ್ಲರಿಗೂ ಕೇಳಿಸಿತು. ಎಂಥ ಸರಳ ಪ್ರಶ್ನೆ. ಆದರೆ ನಮ್ಮ ಕಡೆ ಮನೆಗೆ ಬಂದವರು ತಟ್ಟೆ ನೋಡಿ, “ಅಯ್ಯೋ, ಇದೆಲ್ಲ ನಮಗೋಸ್ಕರ ಮಾಡಿದ್ರಾ” ಎಂದರೆ ಹೌದು ಎನ್ನುವ ಗೃಹಸ್ಥ ಇನ್ನೂ ಹುಟ್ಟಿಲ್ಲ. ಹಿಂದಿನ ದಿನವೆಲ್ಲ ಬೆವರು ಸುರಿಸಿ ಕರಿದಿದ್ದರೂ “ಏನೂ ಇಲ್ಲ, ಮನೇಲಿ ಇದ್ದದ್ದೇ” ಎನ್ನಬೇಕು. ಬಂದವರಿಗೆ ಭಾರವಾಗಬಾರದು ಎಂಬ ಶಾಸ್ತ್ರ ಅದು. ಮೇಷ್ಟ್ರು ಆ ಶಾಸ್ತ್ರದಲ್ಲಿ ಪಂಡಿತರು.

“ವಿಶೇಷ ಏನೂ ಇಲ್ಲ ಮೇಡಂ. ನಮ್ಮ ಬೀದಿ ದಿನಾ ಹೀಗೇ” ಎಂದರು.

ನಾವೆಲ್ಲ ತಲೆಯಾಡಿಸಿದೆವು. ಹೆಂಗಸರು ಸೆರಗು ಸರಿಮಾಡಿಕೊಂಡರು. ಮೇಡಂ ಬರೆದುಕೊಂಡರು, ಚಿರೋಟಿ ಮುಗಿಸಿದರು, ಹೋದರು.

ಉತ್ತರ ಬರಲು ಕೆಲವು ವಾರ ಹಿಡಿಯಿತು. ಅಷ್ಟೂ ದಿನ ಮೇಷ್ಟ್ರು ಬೀಗ ಹಾಕಿದ ಗೇಟಿನ ಒಳಗೆ ನಿಂತು, ನನ್ನ ಮುಖ ಕಂಡಾಗಲೆಲ್ಲ ಹುಬ್ಬಿನಲ್ಲೇ ಏನಾಯ್ತು ಎಂದು ಕೇಳುತ್ತಿದ್ದರು. ಕಡೆಗೆ ಬಂತು. ಎರಡನೇ ಕ್ರಾಸಿನಲ್ಲಿ ವಾಹನಗಳ ವೇಗ ಸದಾ ಮಿತಿಯೊಳಗೇ ಇರುವುದಾಗಿ ಕಂಡುಬಂದಿದೆ, ನಿವಾಸಿಗಳೂ ಇದನ್ನು ದೃಢಪಡಿಸಿದ್ದಾರೆ, ಅಗತ್ಯವಿಲ್ಲ. ಮೂರನೇ ಕ್ರಾಸ್ ಅರ್ಹ.

ನಾನು ಮೇಡಂಗೆ ಫೋನ್ ಮಾಡಿ ರಂಗೋಲಿಯ ವಿಷಯ ವಿವರಿಸಿದೆ. ಅವರಿಗೆ ಪಾಪ ನಿಜವಾಗಿಯೂ ಬೇಜಾರಾಯಿತು.

“ನನಗೂ ಸಂಶಯ ಬಂದಿತ್ರಿ ಸರ. ಅದಕ್ಕ ಕೇಳಿದ್ನೆಲ್ರಿ. ಹಬ್ಬ ಐತಿ ಅಂದಿದ್ರ ಇನ್ನೊಂದ ದಿನ ಬರ್ತಿದ್ದೆ. ಅಜ್ಜಾರ ದಿನಾ ಹಿಂಗ ಅಂದ್ರು, ನೀವೂ ಎಲ್ಲಾರೂ ಹೂಂ ಅಂದ್ರಿ. ಹಿರ್‍ಯಾರು ಹೇಳಿದ್ದನ್ನ ಸುಳ್ಳು ಅಂತ ಹೆಂಗ ಬರೀಲಿ ಹೇಳ್ರಿ?”

“ಮತ್ತೆ ಅಳೆಯೋಕಾಗಲ್ವಾ ಮೇಡಂ?”

“ಮುಂದ ಯಾವಾಗರ ಯೋಜನಾ ಬಂದ್ರ ನೋಡೂಣ್ರಿ. ಈಗ ಬಂದಿದ್ದ ದಿಂಬು ಹಂಚಿ ಮುಗದೈತ್ರಿ.”

ಮೇಷ್ಟ್ರಿಗೆ ಹೇಳುವ ಕೆಲಸ ಕಾರ್ಯದರ್ಶಿಯದು. ಹೋಗಿ ಹೇಳಿದೆ. ಮೊದಲು ನಕ್ಕರು. “ಅಂದ್ರೆ ನನ್ನ ನವಿಲು ಚೆನ್ನಾಗಿ ಕೆಲಸ ಮಾಡ್ತು ಅನ್ನಿ.” ಆಮೇಲೆ ಕೋಲಿನ ತುದಿಯಿಂದ ನೆಲದ ಮೇಲೆ ಏನೋ ಗೀಚಿದರು.

“ಆ ಹುಡುಗಿ ಕೇಳಿದ್ಲು ಸ್ವಾಮಿ. ಬಾಯಿ ಬಿಟ್ಟು ಕೇಳಿದ್ಲು. ನಾನೇ ಹೇಳ್ದೆ.”

“ನಾವೂ ತಲೆ ಆಡಿಸಿದ್ವಲ್ಲ ಮೇಷ್ಟ್ರೇ.”

“ಆದ್ರೂ, ನಿಮಗೋಸ್ಕರ ಮಾಡಿದ್ವಮ್ಮ ಅಂತ ಬಂದೋರ ಮುಖ ನೋಡಿ ಹೇಳೋಕಾಗತ್ತಾ? ಆ ಹೆಂಗಸರೆಲ್ಲ ಅಲ್ಲೇ ನಿಂತಿದ್ರು.”

ಆಗುವುದಿಲ್ಲ. ಇವತ್ತು ಕೇಳಿದರೂ ನಾನು ಹಾಗೇ ಹೇಳುತ್ತೇನೆ, ಆಗುವುದಿಲ್ಲ. ನನ್ನನ್ನು ಕಾಡುವುದೂ ಅದೇ. ತಪ್ಪು ಮಾಡಿದ್ದರೆ ತಿದ್ದಿಕೊಳ್ಳಬಹುದಿತ್ತು. ನಾವು ಮರ್ಯಾದೆ ಮಾಡಿದ್ದೆವು.

ಮೂರನೇ ಕ್ರಾಸಿಗೆ ದಿಂಬು ಬಿತ್ತು. ಕಪ್ಪು ಹಳದಿ ಪಟ್ಟೆಯ, ಹೊಸ ಮದುಮಗನ ಪಂಚೆಯಂಥ ಮಿರುಗುವ ದಿಂಬು. ಅಲ್ಲಿ ಕುಲುಕಾಟ ಶುರುವಾದದ್ದೇ, ಇದ್ದಬದ್ದ ವಾಹನಗಳೆಲ್ಲ ನಮ್ಮ ಬೀದಿಗೆ ತಿರುಗಿದವು. ಹೆಂಗಸರು ಕೆಲವು ದಿನ ಛಲ ಹಿಡಿದು ದಿನವೂ ನವಿಲು ಬಿಡಿಸಿದರು. ಮೊದಲ ದಿನ ಎಲ್ಲರೂ ಸುತ್ತಿ ಹೋದರು. ಎರಡನೆಯ ದಿನ ಅರ್ಧ ಜನ. ದಿನವೂ ಕಾಣುವ ದೇವರಿಗೆ ಯಾರು ಚಪ್ಪಲಿ ಬಿಡುತ್ತಾರೆ? ವಾರ ಮುಗಿಯುವುದರೊಳಗೆ ನವಿಲಿನ ನೀಲಿ ಟೈರುಗಳಿಗೆ ಅಂಟಿ ಬೀದಿಯ ಕೊನೆಯವರೆಗೂ ಹೋಗಿತ್ತು. ಅದನ್ನು ಮೇಷ್ಟ್ರು ನೋಡುವುದು ಬೇಡವೆಂದು ಸೊಸೆಯೇ ಹೆಂಗಸರಿಗೆ ಹೇಳಿ ನಿಲ್ಲಿಸಿದಳು.

ಒಂದು ಭಾನುವಾರ ಮೇಷ್ಟ್ರ ಮಗ ನಮ್ಮ ಮನೆಗೆ ಬಂದ. ಎಂದೂ ಬರುವವನಲ್ಲ, ಕೂತುಕೊಳ್ಳಲಿಲ್ಲ.

“ಅಂಕಲ್, ಥರ್ಡ್ ಕ್ರಾಸಲ್ಲಿ ಗ್ರೌಂಡ್ ಫ್ಲೋರ್ ಮನೆ ಸಿಕ್ತು. ಕರೆಕ್ಟಾಗಿ ಹಂಪ್ಸ್ ಎದುರಿಗೇ. ಅಪ್ಪ ಇನ್ಮೇಲೆ ಆರಾಮಾಗಿ ಓಡಾಡ್ಬೋದು.”

ಅಪ್ಪನಿಗಾಗಿ ಬಾಡಿಗೆ ಹೆಚ್ಚಾದರೂ ಒಪ್ಪಿಕೊಂಡಿದ್ದ. “ಒಳ್ಳೇದಾಯ್ತಪ್ಪ” ಎಂದೆ. ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಮೂರನೇ ಕ್ರಾಸ್ ಎಂದರೆ ನನ್ನಂಥವನಿಗೆ ಒಂದು ಸುತ್ತು ನಡಿಗೆ. ಆದರೆ ಅಲ್ಲಿಂದ ನಮ್ಮ ಮನೆಗೆ ಬರಬೇಕಾದರೆ ಮುಖ್ಯರಸ್ತೆಯ ತಿರುವು ಬಳಸಬೇಕು, ನಮ್ಮ ಬೀದಿಯ ಉದ್ದಕ್ಕೂ ಬರಬೇಕು. ಆ ಎಡಗಾಲಿಗೆ ಅದು ಕಾಶಿಯಾತ್ರೆ.

ಸಾಮಾನು ಸಾಗಿಸುವ ದಿನ ಮೇಷ್ಟ್ರನ್ನು ಕಾರಿನಲ್ಲಿ ಕೂರಿಸಿದರು. ನಾವಿಬ್ಬರೂ ಗೇಟಿನಲ್ಲಿ ನಿಂತಿದ್ದೆವು. ಅವರು ಕಿಟಕಿಯಿಂದ ಕೈ ಎತ್ತಿದರು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ.

ಕೆಲವು ದಿನ ಹೋಗಲಿಲ್ಲ. ನೋಡಲು ಬರಬೇಡಿ ಎಂದಿದ್ದರಲ್ಲ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಆಮೇಲೆ ಒಂದು ಬೆಳಗ್ಗೆ ತಡೆಯಲಾಗದೆ ಹೋದೆ. ಮೇಷ್ಟ್ರು ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡಿದ್ದರು. ಗೇಟಿಗೆ ಬೀಗ ಇರಲಿಲ್ಲ. ನನ್ನನ್ನು ಕಂಡು ಮುಖ ಅರಳಿತು.

“ಬಂದ್ರಾ? ನಿಲ್ಲಿ, ನಿಲ್ಲಿ. ಕೂತ್ಕೋಬೇಡಿ. ಮೊದಲು ಒಂದು ತೋರಿಸ್ತೀನಿ.”

ಎದ್ದರು. ಕೋಲು ಊರಿ, ಎಡಗಾಲನ್ನು ಕರೆದು, ಅದು ಏಳುವವರೆಗೆ ಕಾದು, ರಸ್ತೆಗೆ ಇಳಿದರು. ಕಾರೊಂದು ಬಂತು. ದಿಂಬಿನ ಮುಂದೆ ನಿಧಾನಿಸಿತು, ಮೇಷ್ಟ್ರನ್ನು ನೋಡಿ ಪೂರ್ತಿ ನಿಂತಿತು. ಅವರು ಅದರತ್ತ ತಿರುಗಿಯೂ ನೋಡದೆ, ಸವಾರಿ ಹೊರಟ ದೊರೆಯ ಹಾಗೆ ನಡೆದರು. ಆ ಕಡೆ ತಲುಪಿದರು. ಅಲ್ಲಿ ಒಂದು ಹಳೆಯ ಮನೆ, ಬಾಗಿಲಿಗೆ ಬೀಗ, ಕಾಂಪೌಂಡಿಗೆ ಕಟ್ಟಡದವರು ಹಾಕಿದ ತಗಡಿನ ಮರೆ. ತಗಡಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. ಮತ್ತೆ ತಿರುಗಿ, ಅದೇ ಗತಿಯಲ್ಲಿ, ಈ ಕಡೆಗೆ ಬಂದರು.

“ಎದುರುಗಡೆ ಯಾರಿದಾರೆ ಮೇಷ್ಟ್ರೇ?” ಎಂದು ಕೇಳಿದೆ. ಕೇಳಬಾರದಿತ್ತು.

“ಯಾರೂ ಇಲ್ಲ. ಕೆಡವ್ತಾರಂತೆ.”

ಕುರ್ಚಿಯ ಬೆನ್ನು ಹಿಡಿದುಕೊಂಡರು, ಆದರೆ ಕೂರಲಿಲ್ಲ. ಹಣೆಯಲ್ಲಿ ಬೆವರಿತ್ತು. ಸೊಸೆ ಒಳಗಿನಿಂದ ಕಾಫಿ ತರುವ ಸದ್ದು ಕೇಳಿತು.

“ಇನ್ನೊಂದ್ಸಲ ದಾಟಿ ತೋರಿಸಲಾ?” ಎಂದರು.

ತೋರಿಸಿ ಎಂದೆ.